ಸೋಲಾರ್ ಫ್ಯಾನ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ರಾಯಚೂರಿನ ಬಿಸಿಲು ಗೊತ್ತಲ್ಲ, ಫ್ಯಾನ್ ಇಲ್ಲದೆ ಮಧ್ಯಾಹ್ನ ಕಳೆಯೋದೇ ಕಷ್ಟ. ಮಾಮೂಲಿ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಅದರಲ್ಲಿ ಗಾಳಿಯಾಗೋದು ಸ್ವಲ್ಪವೇ, ಉಳಿದದ್ದರಲ್ಲಿ ಬಹುಪಾಲು ಮೋಟಾರ್ ಒಳಗೇ ಬಿಸಿಯಾಗಿ ಹೋಗುತ್ತದೆ. ಗೋಡೆ ಮೇಲಿನ ಹಳೇ ದಪ್ಪ ರೆಗ್ಯುಲೇಟರ್ ಕೂಡ ಹಾಗೇ, ಎರಡರಲ್ಲಿಟ್ಟು ಅರ್ಧ ಗಂಟೆ ಬಿಟ್ಟರೆ ಅದರ ಡಬ್ಬಿ ಬೆಚ್ಚಗಾಗಿರುತ್ತದೆ, ಅದೆಲ್ಲ ನಿಮ್ಮ ಕರೆಂಟೇ.

ಬಿಎಲ್‌ಡಿಸಿ ಫ್ಯಾನ್‌ಗೆ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರ್ ಇರೋ ಫ್ಯಾನ್‌ಗೆ, 30 ವ್ಯಾಟ್ ಆಸುಪಾಸು ಸಾಕು. ದಿನಕ್ಕೆ 10 ಗಂಟೆ ಓಡಿಸಿದರೆ ಮುಕ್ಕಾಲು ಯೂನಿಟ್ ಬದಲು 0.3 ಯೂನಿಟ್.

ಸೋಲಾರ್ ಪ್ಯಾನೆಲ್ ಕೊಡೋದು ಬ್ಯಾಟರಿ ಥರದ ಡಿಸಿ ಕರೆಂಟು, ಮನೆ ಲೈನಿನಲ್ಲಿ ಬರೋದು ಎಸಿ. ಇನ್ವರ್ಟರ್ ಹಾಕಿ ಎಸಿ ಮಾಡಿ ಮಾಮೂಲಿ ಫ್ಯಾನ್ ಓಡಿಸಿದರೆ ನಡುವೆ ಒಂದಿಷ್ಟು ಪೋಲಾಗುತ್ತದೆ, ಅದಕ್ಕೇ ಡಿಸಿ ಫ್ಯಾನೇ ವಾಸಿ. ನಾನು ಮೊದಲು ಬ್ಯಾಟರಿ ಇಲ್ಲದೆ ನೇರ ಜೋಡಿಸಿದ್ದೆ. ಮೋಡ ಬಂದರೆ ರೆಕ್ಕೆ ನಿಧಾನ, ಸಂಜೆಗೆ ಪೂರ್ತಿ ಸ್ತಬ್ಧ! ರಾತ್ರಿ ನಿದ್ದೆಗೆ ಬ್ಯಾಟರಿ ಬೇಕೇ ಬೇಕು.

ಪ್ಯಾನೆಲ್‌ಗೆ ಬೇಕಿರೋದು ಬೆಳಕು, ಶಾಖ ಅಲ್ಲ. ಕಾದಷ್ಟೂ ಕರೆಂಟು ಕಮ್ಮಿ. ತಗಡಿಗೆ ಅಂಟಿಸಬೇಡಿ, ಕೆಳಗೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ. ಧೂಳನ್ನು ಬೆಳಿಗ್ಗೆ ತಂಪಿನಲ್ಲೇ ಒರೆಸಿ.

ಇನ್ನೊಂದು, ಫ್ಯಾನ್ ಕೋಣೆಯನ್ನು ತಂಪು ಮಾಡಲ್ಲ, ನಮ್ಮ ಬೆವರು ಆರಿಸುತ್ತದೆ ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ಸುಮ್ನೆ ಯಾಕೆ ತಿರುಗಬೇಕು, ಆಫ್ ಮಾಡಿ.