ರೋಯೋ ಎಲೆಯಲ್ಲಿ ಅಭಿಸರಣೆ: ನಾನು ತೋರಿಸುವ ಬಗೆ

ಅಭಿಸರಣೆ ಎಂದರೆ ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಪೊರೆ ದಾಟಿ ಹೋಗುವುದು; ಆ ಪಾಠಕ್ಕೆ ಒಣದ್ರಾಕ್ಷಿ ನೆನೆಸಿಡುವುದು ವಾಡಿಕೆ. ಹಣ್ಣು ಉಬ್ಬುವುದು ಕಾಣುತ್ತದೆ, ಆದರೆ ಕೋಶಪೊರೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾನು ರೋಯೋ ಎಲೆ ಹಿಡಿಯುತ್ತೇನೆ. ಮೇಲೆ ಹಸಿರು, ಅಡಿಯಲ್ಲಿ ನೇರಳೆ ಇರುವ ಈ ಗಿಡ ಬೆಂಗಳೂರಿನ ಪಾರ್ಕುಗಳಲ್ಲೂ ಮನೆಮುಂದಿನ ಕುಂಡಗಳಲ್ಲೂ ಸಿಗುತ್ತದೆ. ನೇರಳೆ ಬಣ್ಣ ಜೀವಕೋಶದ ರಸದಾನಿಯೊಳಗೇ (ರಸ ತುಂಬಿದ ಚೀಲದೊಳಗೇ) ಇರುವುದರಿಂದ ಬೇರೆ ಬಣ್ಣ ಹಾಕಬೇಕಿಲ್ಲ. ಎಲೆಯ ರಸಕ್ಕೆ ಕೆಲವರ ಚರ್ಮ ತುರಿಸುತ್ತದೆ, ಕೈ ತೊಳೆಸಿ.

ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಸಿಪ್ಪೆ ತೆಳ್ಳಗೆ ಎದ್ದುನಿಲ್ಲುತ್ತದೆ. ಚಿಮುಟದಿಂದ ಎಳೆದು, 5 ಮಿಲಿಮೀಟರ್ ತುಂಡನ್ನು ಕೂಡಲೇ ಗಾಜಿನ ಸ್ಲೈಡಿನ ಮೇಲಿನ ನೀರಿನ ಹನಿಗೆ ಬಿಡಬೇಕು. ಒಣಗಿದರೆ ಕೋಶ ಸತ್ತಂತೆಯೇ. ಹಸಿರು ಅಂಟಿಕೊಂಡು ಬಂದಿದ್ದರೆ ದಪ್ಪವಾಯಿತು, ಇನ್ನೊಂದು ತೆಗೆಯಿರಿ. ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಒಂದು ಅಂಚು ತಾಗಿಸಿ ಮೆಲ್ಲಗೆ ಇಳಿಸದಿದ್ದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪಂಚಿನ ಆ ಗುಂಡನ್ನೇ ಮಕ್ಕಳು ಜೀವಕೋಶವೆಂದು ಬರೆಯುತ್ತಾರೆ.

ಮೊದಲು ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಹಿಗ್ಗಿಸಿ ನೋಡಿ, ಒಂದೇ ಕೋಶದ ಅಂಚನ್ನು ಬರೆಸಿಡುತ್ತೇನೆ. ಆಮೇಲೆ 5 ಗ್ರಾಂ ಉಪ್ಪನ್ನು ನೀರಲ್ಲಿ ಕರಗಿಸಿ 100 ಮಿಲಿಗೆ ತಂದ ದ್ರಾವಣವನ್ನು ಕವರ್ ಸ್ಲಿಪ್ಪಿನ ಒಂದು ಬದಿಗೆ ಎರಡು ಹನಿ ಹಾಕಿ, ಎದುರು ಬದಿಯಿಂದ ಟಿಶ್ಯೂ ಕಾಗದದಲ್ಲಿ ನೀರು ಹೀರಿಸಬೇಕು. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಕೋಶದ ಹೊರಗೋಡೆ (ಕೋಶಭಿತ್ತಿ) ಬಿಟ್ಟು ಒಳಕ್ಕೆ ಮುದುಡುತ್ತದೆ.

"ಕೋಶ ಕುಗ್ಗಿತು" ಎಂಬ ಉತ್ತರವನ್ನು ಇಲ್ಲಿ ಒಪ್ಪಿಕೊಳ್ಳಬೇಡಿ. ಮೊದಲು ಬರೆದ ಅಂಚಿಗೆ ಹೋಲಿಸಿದರೆ ಕೋಶಭಿತ್ತಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಗೋಡೆಗೂ ನೇರಳೆಗೂ ನಡುವೆ ಏನಿದೆ ಎಂದು ಕೇಳಿ. ಗಾಳಿ ಎನ್ನುತ್ತಾರೆ. ಅಲ್ಲಿರುವುದು ಉಪ್ಪುನೀರು. ಭಿತ್ತಿ ಉಪ್ಪನ್ನು ಒಳಗೆ ಬಿಟ್ಟಿತು, ಪೊರೆ ತಡೆಯಿತು, ನೀರು ಮಾತ್ರ ಹೊರಬಂತು. ಇಡೀ ಪಾಠದ ತಿರುಳು ಆ ಸಂದಿನಲ್ಲಿದೆ; ನಾನು ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದನ್ನು ಮನೆಯಲ್ಲಿ ಕಂಡವರಿಗೆ ಇದು ಬೇಗ ಹತ್ತುತ್ತದೆ.

ಇದೇ ರೀತಿ ಬರೀ ನೀರನ್ನು ಮೂರ್ನಾಲ್ಕು ಸಲ ಹರಿಸಿದರೆ ನೇರಳೆ ಮತ್ತೆ ಗೋಡೆಗೆ ತಾಗುತ್ತದೆ. ತಾಗದಿದ್ದರೆ ಉಪ್ಪಿನಲ್ಲಿ ಬಹಳ ಹೊತ್ತು ಬಿಟ್ಟಿದ್ದೀರಿ, ಇಲ್ಲವೇ ಬೇಗ ಕಾಣಲೆಂದು ಉಪ್ಪು ಹೆಚ್ಚಿಸಿದ್ದೀರಿ; ಪೊರೆ ಹಾಳಾಗಿದೆ. ಸಕ್ಕರೆಯಲ್ಲೂ ಮಾಡಬಹುದು, ಆದರೆ ಪ್ರಮಾಣ ಬೇರೆ. ಉಪ್ಪು ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂದು ಎರಡಾಗುತ್ತದೆ, ಅದರ ಅಣುತೂಕವೂ ಕಡಿಮೆ. ಹಾಗಾಗಿ 100 ಮಿಲಿ ದ್ರಾವಣದಲ್ಲಿ 34 ಗ್ರಾಂ ಸಕ್ಕರೆ ಮಾಡುವ ಕೆಲಸಕ್ಕೆ ಸುಮಾರು 3 ಗ್ರಾಂ ಉಪ್ಪು ಸಾಕು.

ಲೆನ್ಸಿಗೂ ಸ್ಟೇಜಿಗೂ ಉಪ್ಪುನೀರು ತಾಗಿದ್ದರೆ ತಕ್ಷಣ ಒರೆಸಿ.

ಕೊನೆಗೆ, ಕೆಲವು ನಿಮಿಷ ಕುದಿಸಿದ ಎಲೆಯ ಸಿಪ್ಪೆಗೂ ಅದೇ ಉಪ್ಪುನೀರು ಹಾಕುತ್ತೇನೆ. ಬಣ್ಣ ಆಗಲೇ ಕುದಿದ ನೀರಿಗೆ ಸೋರಿರುತ್ತದೆ, ಉಳಿದದ್ದು ಮುದುಡುವುದಿಲ್ಲ. ಭಿತ್ತಿಗಳ ಸಾಲು ಮಾತ್ರ ಹಾಗೇ ಇರುತ್ತದೆ.