ತೋಟಕ್ಕೆ ಹೋಗುವಾಗ ನಾನು ಉಡುವ ಬಟ್ಟೆ

ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲೇ ನನಗೂ ಡೆಂಗಿ ಬಂತು. ಹನ್ನೆರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ರಾತ್ರಿ ಸೊಳ್ಳೆಪರದೆ ಕಟ್ಟದೆ ನಮ್ಮ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಕಚ್ಚಿಸಿಕೊಂಡಿದ್ದೆಲ್ಲ ಹಗಲು ಹೊತ್ತು, ಅಡಿಕೆ ತೋಟದಲ್ಲಿ ಉದುರಡಿಕೆ ಹೆಕ್ಕುವಾಗ. ಕಾಲಿಗೆಲ್ಲ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ ಅದು. ತೋಟದ ನೆರಳಿನಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ.

ನಮ್ಮ ಮಲೆನಾಡಿನ ಹೆಂಗಸರು ತೋಟಕ್ಕೆ ಹೋಗುವುದು ನೈಟಿಯ ಮೇಲೆ ಗಂಡಸರ ಹಳೇ ಶರ್ಟು ಹಾಕಿಕೊಂಡು. ನಾನೂ ಹಾಗೇ. ಜ್ವರ ಬಿಟ್ಟ ಮೇಲೆ ಅದರ ಕೆಳಗೆ ಕಪ್ಪು ಲೆಗ್ಗಿಂಗ್ಸ್ ಸೇರಿಸಿದೆ, ಕಾಲು ಪೂರ್ತಿ ಮುಚ್ಚಿತು ಎಂಬ ಧೈರ್ಯದಲ್ಲಿ. ಒಂದು ಗಂಟೆಯೊಳಗೆ ತೊಡೆ, ಮೀನಖಂಡವೆಲ್ಲ ದದ್ದು. ಮರುದಿನ ಕುಕ್ಕರಗಾಲಲ್ಲಿ ಕೂತು ನೋಡಿಕೊಂಡೆ. ಮಂಡಿಯ ಮೇಲೆ ಬಟ್ಟೆ ಜಗ್ಗಿ, ಎಳೆ ಎಳೆ ಬಿಟ್ಟುಕೊಂಡು, ಒಳಗಿನ ಚರ್ಮ ಕಾಣುತ್ತಿತ್ತು. ಸೊಳ್ಳೆ ಅಲ್ಲೇ ಬಂದು ಕೂತಿತು. ಹೊಡೆದೆ, ಅಂಗೈಯಲ್ಲಿ ರಕ್ತ.

ಆಗ ಅರ್ಥವಾಯಿತು, ಮೈಗೆ ಅಂಟಿದ ಬಟ್ಟೆ ಸೊಳ್ಳೆಗೆ ಲೆಕ್ಕಕ್ಕೇ ಇಲ್ಲ. ಅದರ ಮೂತಿ ಕೆಲವೇ ಮಿಲಿಮೀಟರ್ ಉದ್ದ. ಬಟ್ಟೆಗೂ ಮೈಗೂ ನಡುವೆ ಒಂದು ಬೆರಳಿನಷ್ಟು ಜಾಗ ಇದ್ದರೆ ಮುಟ್ಟಲಾರದು.

ಹಳೇ ತಿಳಿಬಣ್ಣದ ಬೆಡ್‌ಶೀಟಿನಲ್ಲಿ ನಾನೇ ಒಂದು ಲಾಡಿ ಪೈಜಾಮ ಹೊಲಿದೆ. ಬೆಡ್‌ಶೀಟಿನ ನೇಯ್ಗೆ ಒತ್ತಾಗಿರುತ್ತದೆ, ಒಗೆದು ಒಗೆದು ಮೆತ್ತಗಾಗಿರುತ್ತದೆ. ಕೂತರೂ ಮಂಡಿಗೆ ಜಗ್ಗದಷ್ಟು ಅಗಲ ಬಿಟ್ಟೆ. ಶರ್ಟು ಇವರದೇ, ಆದರೆ ಬಿಳಿಯದು, ತೋಳಿನ ಗುಂಡಿ ಸರಿ ಇರುವುದು. ಬಗ್ಗಿದಾಗ ಬೆನ್ನಿಗೆ ಬಟ್ಟೆ ಅಂಟುವುದೇ ದೊಡ್ಡ ತಾಪತ್ರಯ. ಬೆವರಿಗೆ ಒದ್ದೆಯಾದರೆ ಇನ್ನೂ ಕಷ್ಟ. ಅದಕ್ಕೆ ಒಳಗೊಂದು ಹತ್ತಿ ಬನಿಯನ್. ಕುತ್ತಿಗೆಗೆ ಟವೆಲ್ ಸುತ್ತಿ ತುದಿಯನ್ನು ಕಾಲರಿನೊಳಗೆ ಸಿಕ್ಕಿಸುತ್ತೇನೆ.

ಬಣ್ಣದ ಮಾತು ಮಗಳು ಓದಿ ಹೇಳಿದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನವಂತೆ. ನಾವು ಉಸಿರು ಬಿಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್‌ನ ಜಾಡು ಸಿಕ್ಕಿದ ಡೆಂಗಿ ಸೊಳ್ಳೆ ಕೆಂಪು, ಕಿತ್ತಳೆ, ಕಪ್ಪು ಬಣ್ಣದ ಕಡೆ ಹಾರುತ್ತದೆ, ಬಿಳಿ, ಹಸಿರನ್ನು ಅಷ್ಟು ಗಮನಿಸುವುದಿಲ್ಲ. "ಅಮ್ಮ, ಆ ಮೆರೂನ್ ನೈಟಿ ಮೊದಲು ಬಿಡು" ಅಂದಳು. ಬಿಟ್ಟೆ. ಬಿಳಿಯ ಮೇಲೆ ಸೊಳ್ಳೆ ಕೂತರೆ ತಟ್ಟನೆ ಕಾಣುತ್ತದೆ ಎನ್ನುವುದು ನಾನೇ ಕಂಡುಕೊಂಡ ಲಾಭ. ಅಡಿಕೆ ಚೊಗರಿನ ಕಲೆ ಹೋಗುವುದಿಲ್ಲ, ಹೋಗದಿದ್ದರೆ ಬೇಡ.

ಹೆಚ್ಚು ಕಚ್ಚುವುದು ಪಾದದ ಗಂಟಿಗೆ. ಮಗನ ಶಾಲೆಯ ತೆಳು ಸಾಕ್ಸ್ ಸಾಲಲಿಲ್ಲ. ಎರಡು ಜೊತೆ ಒಂದರ ಮೇಲೊಂದು ಹಾಕಿ, ಪೈಜಾಮದ ಅಂಚನ್ನು ಅದರೊಳಗೆ ತುರುಕಿ, ಮೇಲೆ ಗಂಬೂಟು. ರಕ್ತ ಹೀರುವ ಉಂಬಳದ (ಜಿಗಣೆಯ) ಕಾಟವೂ ಇದರಿಂದಲೇ ಕಡಿಮೆಯಾಯಿತು. ಸೊಳ್ಳೆ ಓಡಿಸುವ ಮುಲಾಮು ಹಚ್ಚುವುದು ಬಟ್ಟೆ ಮುಚ್ಚದ ಕಡೆ ಮಾತ್ರ: ಕೈಬೆರಳು, ಕಿವಿಯ ಹಿಂದೆ. ಬೇವಿನೆಣ್ಣೆಯನ್ನೂ ಹಚ್ಚಿ ನೋಡಿದೆ, ಬೆವರು ಇಳಿದ ಮೇಲೆ ಅದರ ನೆಚ್ಚಿಕೆ ಇಲ್ಲ.

ಮರದಿಂದ ಉದುರಿದ ಅಡಿಕೆ ಹಾಳೆಯಲ್ಲಿ ನೀರು ನಿಂತಿದ್ದರೆ ಕವುಚಿ ಹಾಕಿಯೇ ಮುಂದೆ ಹೋಗುತ್ತೇನೆ, ಎಷ್ಟೋ ಸಲ ಅದರಲ್ಲಿ ಮರಿಹುಳು ಮಿಸುಕಾಡುತ್ತಿರುತ್ತವೆ.

ಈ ಮಳೆಗಾಲಕ್ಕೆ ಅತ್ತೆಗೂ ಒಂದು ಪೈಜಾಮ ಹೊಲಿದಿದ್ದೇನೆ. ಲಾಡಿ ಬೇಡ ಮಾರಾಯ್ತಿ, ಎಲಾಸ್ಟಿಕ್ ಹಾಕು ಅಂದರು, ಹಾಕಿಕೊಟ್ಟೆ.