ಗೆಳತಿಯ ಆತ್ಮಹತ್ಯೆಯ ನಂತರ: ಹದಿಹರೆಯದ ಚಿತ್ರವೊಂದಕ್ಕೆ ಚಿತ್ರಕಥೆ ಬರೆಯುವ ಬಗೆ

ಆತ್ಮಹತ್ಯೆಯಿಂದ ಗೆಳತಿಯನ್ನೋ ಗೆಳೆಯನನ್ನೋ ಕಳೆದುಕೊಂಡ ಹುಡುಗ ಹುಡುಗಿಯರ ಕುರಿತು ಚಿತ್ರ ಬರೆಯಲು ಹೊರಟವರು ಮೊಟ್ಟಮೊದಲು ತೀರ್ಮಾನಿಸಬೇಕಾದದ್ದು ಕಥೆ ಯಾರದು ಎಂಬುದನ್ನು. ಸಾವಿನ ಸುತ್ತ ನಿಗೂಢತೆಯನ್ನು ಹೆಣೆದು, ಕಾರಣವನ್ನು ಕೊನೆಯ ದೃಶ್ಯದವರೆಗೆ ಬಚ್ಚಿಟ್ಟು ಕುತೂಹಲ ಹುಟ್ಟಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಅದು ಪತ್ತೇದಾರಿ ಕಥೆಯಾಗುತ್ತದೆಯೇ ಹೊರತು ದುಃಖದ ಕಥೆಯಾಗುವುದಿಲ್ಲ. ಕಥೆ ಉಳಿದವರದು. ಆದ್ದರಿಂದ ಸಾವು ಸಂಭವಿಸಿಯಾದ ಮೇಲೆ ಚಿತ್ರವನ್ನು ಆರಂಭಿಸುವುದು ಒಳ್ಳೆಯದು.

ಸಾವಿನ ದೃಶ್ಯವನ್ನು ಬರೆಯಲೇಬಾರದು. ವಿಧಾನ, ಸ್ಥಳ ಮುಂತಾದ ವಿವರಗಳು ಸಂಭಾಷಣೆಯಲ್ಲಿಯೂ ನುಸುಳದಂತೆ ನೋಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಲನಚಿತ್ರ ಮತ್ತು ರಂಗಭೂಮಿಯವರಿಗಾಗಿಯೇ ಪ್ರಕಟಿಸಿದ ಕೈಪಿಡಿಯೂ ಇದನ್ನೇ ಹೇಳುತ್ತದೆ. ನೆಟ್‌ಫ್ಲಿಕ್ಸ್ ಸಂಸ್ಥೆಯು 2017ರಲ್ಲಿ ಬಿಡುಗಡೆ ಮಾಡಿದ ಹದಿಹರೆಯದ ಸರಣಿಯೊಂದರಲ್ಲಿದ್ದ ಇಂಥ ದೃಶ್ಯವನ್ನು, ವೈದ್ಯಕೀಯ ತಜ್ಞರ ಸಲಹೆಯ ಮೇರೆಗೆ 2019ರ ಜುಲೈನಲ್ಲಿ ತೆಗೆದುಹಾಕಿತು. ನೋಡುಗರ ಪೈಕಿ ಈಗಾಗಲೇ ಸಂಕಟದಲ್ಲಿರುವ ಎಳೆಯರು ತಮ್ಮದೇ ವಯಸ್ಸಿನ ಪಾತ್ರದೊಂದಿಗೆ ತಮ್ಮನ್ನು ಗುರುತಿಸಿಕೊಂಡು ಅನುಕರಣೆಗೆ ಇಳಿಯುವ ಅಪಾಯವಿದೆ. ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ಇದನ್ನು, ಜರ್ಮನ್ ಲೇಖಕ ಗಯಟೆಯ ಕಾದಂಬರಿಯೊಂದರಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ನಾಯಕನ ಹೆಸರಿನಿಂದ, ವರ್ಥರ್ ಪರಿಣಾಮವೆಂದು ಕರೆದರು. ಇದಕ್ಕೆ ಎದುರಾದ ಇನ್ನೊಂದು ಪರಿಣಾಮವೂ ಇದೆ. ಮೊಜಾರ್ಟ್‌ನ 1791ರ ಗೀತನಾಟಕವೊಂದರಲ್ಲಿ ಸಾಯಲು ನಿಶ್ಚಯಿಸಿದ ಪಾಪಗೇನೊ ಎಂಬಾತನಿಗೆ ಮೂವರು ಬಾಲಕರು ಬೇರೆ ದಾರಿಯನ್ನು ನೆನಪಿಸುತ್ತಾರೆ, ಅವನು ಬದುಕುತ್ತಾನೆ. ಸಂಕಟವನ್ನು ಹಾದು ಬದುಕನ್ನು ಆರಿಸಿಕೊಂಡವರ ಕಥೆಗಳಿಗೆ ಜನರನ್ನು ಕಾಪಾಡುವ ಶಕ್ತಿಯಿರಬಹುದೆಂಬ ಸಂಶೋಧನೆಗೆ 2010ರಿಂದೀಚೆಗೆ ಆ ಪಾತ್ರದ ಹೆಸರೇ ಅಂಟಿಕೊಂಡಿದೆ. ಚಿತ್ರಕಥೆಗಾರರಿಗೆ ಇದು ಕೇವಲ ಎಚ್ಚರಿಕೆಯಲ್ಲ, ಕೆಲಸಕ್ಕೆ ಬರುವ ಸಾಮಗ್ರಿ.

ತೀರಿಕೊಂಡವಳ ಧ್ವನಿಯನ್ನು ಚಿತ್ರದುದ್ದಕ್ಕೂ ಹಿನ್ನೆಲೆಯಲ್ಲಿ ಕೇಳಿಸುವ ಆಸೆ ಬಹಳ ಮಂದಿಗೆ ಬರುತ್ತದೆ. ಅದನ್ನು ಬಿಡುವುದೇ ಲೇಸು. ಸತ್ತವಳು ಮಾತನಾಡುತ್ತಲೇ ಇದ್ದರೆ, ತಪ್ಪಿತಸ್ಥರನ್ನು ಬಯಲಿಗೆಳೆಯುತ್ತಲೇ ಇದ್ದರೆ, ಸಾವಿನಿಂದ ಅವಳು ಏನನ್ನೋ ಗೆದ್ದಂತೆ ತೋರುತ್ತದೆ. ನಿಜದಲ್ಲಿ ಸಾವು ಮಾತನ್ನು ನಿಲ್ಲಿಸುತ್ತದೆ. ಎಲ್ಲವನ್ನೂ ವಿವರಿಸುವ ಕೊನೆಯ ಪತ್ರವೂ ಇದೇ ಬಗೆಯ ಸುಳ್ಳನ್ನು ಹೇಳುತ್ತದೆ. ಆತ್ಮಹತ್ಯೆಗೆ ಒಂದೇ ಕಾರಣವಿರುವುದು ವಿರಳ: ಮಾನಸಿಕ ಅನಾರೋಗ್ಯ, ಮನೆಯ ಒತ್ತಡ, ಅವಮಾನ, ಆ ಗಳಿಗೆಯ ಹತಾಶೆ ಎಲ್ಲವೂ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ಅಥವಾ ಪ್ರೇಮ ಮುರಿದದ್ದಕ್ಕೆ ಎಂದು ಚಿತ್ರವು ಷರಾ ಬರೆದುಬಿಟ್ಟರೆ, ಅದೇ ಸ್ಥಿತಿಯಲ್ಲಿರುವ ನೋಡುಗನಿಗೆ ಸಾವೂ ಒಂದು ಸಹಜ ಉತ್ತರವೆಂಬಂತೆ ಕಾಣುತ್ತದೆ.

ಇನ್ನು ಚಿತ್ರದ ಜೀವಾಳ, ಅಂದರೆ ಉಳಿದವರ ಮನಸ್ಸು. ಇಲ್ಲಿ ಕೇವಲ ಅಳು ಸಾಲದು. ಆತ್ಮಹತ್ಯೆಯ ನಂತರದ ದುಃಖದಲ್ಲಿ ತಪ್ಪಿತಸ್ಥ ಭಾವ, ಸಿಟ್ಟು, ನಾಚಿಕೆ, ಕೆಲವೊಮ್ಮೆ ಹೇಳಿಕೊಳ್ಳಲಾಗದ ನಿರಾಳತೆಯೂ ಬೆರೆತಿರುತ್ತವೆ. ನಾಯಕಿ ಮೊಬೈಲ್ ತೆರೆಯುತ್ತಾಳೆ. ಆ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಬಂದ ‘ಎದ್ದಿದ್ದೀಯಾ?’ ಎಂಬ ಸಂದೇಶ ಹಾಗೆಯೇ ಇದೆ. ಅವಳು ಅದನ್ನು ನೋಡಿದ್ದಳು, ಬೆಳಿಗ್ಗೆ ಉತ್ತರಿಸೋಣವೆಂದು ಮಲಗಿದ್ದಳು. ಈಗ ಉತ್ತರವೊಂದನ್ನು ಟೈಪ್ ಮಾಡಿ ಅಳಿಸುತ್ತಾಳೆ, ಮತ್ತೆ ಟೈಪ್ ಮಾಡುತ್ತಾಳೆ. ಇಂಥ ದೃಶ್ಯಕ್ಕೆ ಸಂಭಾಷಣೆಯ ಅಗತ್ಯವಿಲ್ಲ. ಅಗತ್ಯವಿರುವುದು ಮುಂದೆ ಎಲ್ಲೋ ಒಂದು ಕಡೆ ಯಾರಾದರೂ ಅವಳಿಗೆ, ‘ಈಗ ಆ ಸಂದೇಶದ ಅರ್ಥ ನಿನಗೆ ಗೊತ್ತಿದೆ, ಆಗ ಗೊತ್ತಿರಲಿಲ್ಲ’ ಎಂದು ಹೇಳುವ ದೃಶ್ಯಕ್ಕೆ. ಆ ಮಾತನ್ನು ಕೇಳಿದ ಕೂಡಲೇ ಅವಳು ಹಗುರವಾಗಬಾರದು. ನಂಬದೆ ಎದ್ದು ಹೋಗಲಿ. ಸಿಟ್ಟಿಗೂ ಜಾಗ ಕೊಡಬೇಕು, ‘ನನಗೊಂದು ಮಾತು ಹೇಳದೆ ಹೋದಳಲ್ಲ’ ಎಂದು ಅವಳು ಕಿರುಚಿದರೆ ಯಾರೂ ಬಾಯಿ ಮುಚ್ಚಿಸಬಾರದು. ನಗುವೂ ಇರಲಿ. ಹದಿಹರೆಯದವರು ಮಧ್ಯಾಹ್ನ ಅತ್ತು ಸಂಜೆ ನಗುತ್ತಾರೆ, ನಕ್ಕದ್ದಕ್ಕಾಗಿ ರಾತ್ರಿ ತಮ್ಮನ್ನೇ ಹಳಿದುಕೊಳ್ಳುತ್ತಾರೆ. (ನಿಧಾನಗತಿಯಲ್ಲಿ ಆಕಾಶಕ್ಕೇರುವ ಬಲೂನುಗಳ ಶ್ರದ್ಧಾಂಜಲಿ ದೃಶ್ಯದಿಂದ ಯಾವ ಚಿತ್ರಕ್ಕೂ ಲಾಭವಾದದ್ದನ್ನು ನಾನು ಕಂಡಿಲ್ಲ, ಅದು ಸಾವಿಗೆ ಅನಗತ್ಯವಾದ ಮೆರುಗು ಕೊಡುತ್ತದೆ.)

ದೊಡ್ಡವರನ್ನೆಲ್ಲ ಮೂರ್ಖರನ್ನಾಗಿಯೋ ಕಟುಕರನ್ನಾಗಿಯೋ ಚಿತ್ರಿಸುವುದು ಹದಿಹರೆಯದ ಚಿತ್ರಗಳ ಹಳೆಯ ಚಾಳಿ. ಈ ವಿಷಯದಲ್ಲಿ ಅದು ದುಬಾರಿಯಾಗುತ್ತದೆ, ಏಕೆಂದರೆ ಸಹಾಯ ಕೇಳಿ ಪ್ರಯೋಜನವಿಲ್ಲವೆಂಬ ಪಾಠವನ್ನು ನೋಡುಗ ಹೊತ್ತೊಯ್ಯುತ್ತಾನೆ. ತಡವರಿಸುತ್ತಲಾದರೂ ಕಿವಿಗೊಡುವ ಒಬ್ಬ ಶಿಕ್ಷಕಿಯೋ ಆಪ್ತಸಮಾಲೋಚಕರೋ ಇರಲಿ. ಗೆಳೆಯರಲ್ಲಿ ಇನ್ನೊಬ್ಬನು ಕುಸಿಯುತ್ತಿರುವುದನ್ನು ನಾಯಕಿ ಗಮನಿಸುವಂತೆ ಕಥೆಯನ್ನು ಹೆಣೆದರೆ, ಅವಳು ಸುತ್ತಿಬಳಸದೆ, ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಲಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ನೇರವಾದ ಪ್ರಶ್ನೆ ಮಾತಿಗೆ ಬಾಗಿಲು ತೆರೆಯುತ್ತದೆ. ಅವನು ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಳ್ಳಲು ಬಂದರೆ ಅವಳು ಒಪ್ಪಬಾರದು. ಅವನನ್ನು ಒಬ್ಬಳೇ ಉಳಿಸುವ ಹೊಣೆಯನ್ನೂ ಅವಳ ಮೇಲೆ ಹೊರಿಸದೆ, ಇಬ್ಬರೂ ಸೇರಿ ಹಿರಿಯರೊಬ್ಬರ ಬಳಿಗೆ ಹೋಗುವಂತೆ ಬರೆಯಬೇಕು.

ಕರಡು ಮುಗಿದೊಡನೆ, ಚಿತ್ರೀಕರಣಕ್ಕೆ ಮೊದಲೇ, ಅದನ್ನು ಮಾನಸಿಕ ಆರೋಗ್ಯ ತಜ್ಞರಿಗೂ ಇಂಥ ಸಾವಿನಿಂದ ಆಪ್ತರನ್ನು ಕಳೆದುಕೊಂಡವರಿಗೂ ಓದಲು ಕೊಡಬೇಕು; ಚಿತ್ರ ಸಿದ್ಧವಾದ ಮೇಲೆ ಕೇಳುವ ಸಲಹೆ ಬರೀ ಶಾಸ್ತ್ರಕ್ಕಾಗುತ್ತದೆ. ಎಳೆಯ ನಟರಿಗೆ ಭಾರವಾದ ದೃಶ್ಯಗಳ ದಿನ ಜೊತೆಗಿರಲು ಒಬ್ಬರನ್ನು ಗೊತ್ತುಮಾಡಬೇಕು. ಸಹಾಯವಾಣಿಯ ಸಂಖ್ಯೆಯನ್ನು ಕೊನೆಯ ಹೆಸರುಗಳ ಪಟ್ಟಿಯಲ್ಲಿ ಹುದುಗಿಸಿದರೆ ಸಾಲದು. ನಡುವೆಯೇ ಎದ್ದು ಹೋಗುವವರಿಗೆ ಅದರ ಅಗತ್ಯ ಹೆಚ್ಚಿರಬಹುದಾದ್ದರಿಂದ, ಚಿತ್ರದ ಆರಂಭದಲ್ಲಿಯೂ ಅದನ್ನು ಓದಿ ಬರೆದುಕೊಳ್ಳುವಷ್ಟು ಹೊತ್ತು ಪರದೆಯ ಮೇಲೆ ಇಡಬೇಕು, ಮತ್ತು ಚಿತ್ರ ತೆರೆ ಕಾಣುವ ಪ್ರತಿಯೊಂದು ಪ್ರದೇಶಕ್ಕೂ ಅಲ್ಲಿ ಕೆಲಸ ಮಾಡುತ್ತಿರುವ ಸಂಖ್ಯೆಯನ್ನೇ ಹಾಕಬೇಕು.